ಶಾಂತಿಯ ಸಾಧನವಾಗುವುದೆಂದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ‘ಸಂತ ಫ್ರಾನ್ಸಿಸರ ಶಾಂತಿ ಪ್ರಾರ್ಥನೆ’ಯನ್ನು ಕುರಿತವು. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾಯ್ದಿರಿಸಿ ಅಂಕಣವನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇನೆ. ಪ್ರಾರ್ಥನೆ ಬಹುಪಾಲು ಓದುಗರಿಗೆ ಬಾಯಿಪಾಠವೇ ಆಗಿರಬಹುದು. ಆದರೂ ಅದರ ಪೂರ್ಣಪಾಠ ಎಲ್ಲರಿಗೂ ತಿಳಿದಿಲ್ಲವೆಂದು ಪತ್ರಗಳಿಂದ ಗೊತ್ತಾಗುವುದರಿಂದ ಮೊದಲು ಅದನ್ನು ಕೊಡುತ್ತೇನೆ:

“ಪ್ರಭುವೇ, ನನ್ನನ್ನು ನಿಮ್ಮ ಶಾಂತಿಯ ಸಾಧನವನ್ನಾಗಿ ಮಾಡಿ. ದ್ವೇಷವಿರುವಲ್ಲಿ ಪ್ರೀತಿಯನ್ನು, ನೋಯಿಸಿದವರಿರುವಲ್ಲಿ ಕ್ಷಮೆಯನ್ನು, ಒಡಕಿರುವಲ್ಲಿ ಒಗ್ಗಟ್ಟನ್ನು, ತಪ್ಪಿರುವಲ್ಲಿ ಸತ್ಯವನ್ನು, ಸಂದೇಹವಿರುವಲ್ಲಿ ವಿಶ್ವಾಸವನ್ನು, ಹತಾಶೆಯಿರುವಲ್ಲಿ ಭರವಸೆಯನ್ನು, ಕತ್ತಲಿರುವಲ್ಲಿ ನಿಮ್ಮ ಬೆಳಕನ್ನು, ದುಃಖವಿರುವಲ್ಲಿ ಸಂತೋಷವನ್ನು ನಾನು ತರುವಂತಾಗಲಿ. ಗುರುವೇ, ಸಾಂತ್ವನ ಪಡೆಯುವುದಕ್ಕಿಂತ ಸಾಂತ್ವನ ನೀಡುವುದನ್ನು, ಇತರರು ನನ್ನನ್ನು ಅರಿಯುವುದಕ್ಕಿಂತ ನಾನು ಅವರನ್ನು ಅರಿಯುವುದನ್ನು, ಪ್ರೀತಿ ಪಡೆಯುವುದಕ್ಕಿಂತ ಪ್ರೀತಿಸುವುದನ್ನು ಬಯಸುವಂತೆ ಮಾಡಿ. ಏಕೆಂದರೆ ಕೊಡುವುದರಲ್ಲಿ ಪಡೆಯುತ್ತೇವೆ, ನಮ್ಮನ್ನು ಮರೆಯುವುದರಲ್ಲಿ ನಮ್ಮನ್ನು ಕಾಣುತ್ತೇವೆ, ಕ್ಷಮಿಸುವುದರಲ್ಲಿ ಕ್ಷಮೆ ಹೊಂದುತ್ತೇವೆ, ಸಾಯುವುದರಲ್ಲಿ ನಿತ್ಯಜೀವಕ್ಕೆ ಎದ್ದು ಬರುತ್ತೇವೆ.”

ಪ್ರಶ್ನೆ: ನಮ್ಮ ಧರ್ಮಕೇಂದ್ರದಲ್ಲಿ ಈ ಪ್ರಾರ್ಥನೆಯನ್ನು ಬಹಳ ವರ್ಷಗಳಿಂದ ಭಾನುವಾರದ ಬಲಿಪೂಜೆಯಲ್ಲಿ ಹಾಡುತ್ತಿದ್ದೇವೆ. ಇದು ಸಂತ ಫ್ರಾನ್ಸಿಸರು ಬರೆದದ್ದೇ ಅಲ್ಲವೆಂದು ನನ್ನ ಮಗ ಮೊಬೈಲಿನಲ್ಲಿ ಓದಿ ಹೇಳಿದ. “ಇಷ್ಟು ದಿನ ಸುಳ್ಳು ಹೆಸರಿನಲ್ಲಿ ಪ್ರಾರ್ಥಿಸಿದ್ದೀರಿ” ಎಂದು ಹಾಸ್ಯವನ್ನೂ ಮಾಡಿದ. ಇದು ನಿಜವೇ? ನಿಜವಾದರೆ ಇದನ್ನು ಮುಂದುವರಿಸಬೇಕೇ?
— ಓದುಗರು, ಮೈಸೂರು

ಉತ್ತರ: ನಿಮ್ಮ ಮಗ ಓದಿದ್ದು ನಿಜ. ಇಟಲಿಯ ಅಸ್ಸಿಸಿ ಊರಿನ ಸಂತ ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಅವರ ಬರಹಗಳ ಹಳೆಯ ಹಸ್ತಪ್ರತಿಗಳಲ್ಲಿ ಎಲ್ಲಿಯೂ ಈ ಪ್ರಾರ್ಥನೆ ಇಲ್ಲ. ಇದು ಮೊದಲು ಅಚ್ಚಾದದ್ದು 1912ರ ಡಿಸೆಂಬರ್ ತಿಂಗಳಲ್ಲಿ, ಪ್ಯಾರಿಸ್ಸಿನ ‘ಲಾ ಕ್ಲೋಶೆತ್’ ಎಂಬ ಸಣ್ಣ ಭಕ್ತಿ ಪತ್ರಿಕೆಯಲ್ಲಿ, ಫ್ರೆಂಚ್ ಭಾಷೆಯಲ್ಲಿ. ಬಲಿಪೂಜೆಯ ಭಕ್ತಿಯನ್ನು ಬೆಳೆಸಲೆಂದು ಕಟ್ಟಿದ ಒಂದು ಸಂಘದ ಪತ್ರಿಕೆ ಅದು, ಸಂಪಾದಕರು ಎಸ್ತೇರ್ ಬುಕೆರೆಲ್ ಎಂಬ ಗುರುಗಳು. ಪ್ರಾರ್ಥನೆಯ ಕೆಳಗೆ ಯಾರ ಹೆಸರೂ ಇರಲಿಲ್ಲ. ‘ಬಲಿಪೂಜೆಯ ವೇಳೆ ಹೇಳಲು ಒಂದು ಸುಂದರ ಪ್ರಾರ್ಥನೆ’ ಎಂಬ ಶೀರ್ಷಿಕೆ ಮಾತ್ರ ಇತ್ತು. ಸಂಪಾದಕರೇ ಬರೆದಿರಬಹುದೆಂಬ ಊಹೆ ಊಹೆಯಾಗಿಯೇ ಉಳಿದಿದೆ. ಫ್ರೆಂಚ್ ಇತಿಹಾಸಕಾರ ಕ್ರಿಸ್ತಿಯಾನ್ ರೆನೂ 2001ರಲ್ಲಿ ಈ ಪ್ರಾರ್ಥನೆಯ ಜಾಡನ್ನೇ ಹಿಡಿದು ಒಂದು ಇಡೀ ಪುಸ್ತಕವನ್ನು ಪ್ರಕಟಿಸಿದ್ದಾರೆ.

ಫ್ರಾನ್ಸಿಸರ ಹೆಸರು ಇದಕ್ಕೆ ಹೇಗೆ ಅಂಟಿಕೊಂಡಿತೆಂಬುದು ಸ್ವಾರಸ್ಯದ ಸಂಗತಿ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ ಫ್ರಾನ್ಸಿನ ಶ್ರೀಮಂತರೊಬ್ಬರು ಇದನ್ನು ಪೋಪ್ 15ನೆಯ ಬೆನೆಡಿಕ್ಟರಿಗೆ ಕಳುಹಿಸಿದರು. 1916ರ ಜನವರಿ 20ರಂದು ವ್ಯಾಟಿಕನ್ನಿನ ಪತ್ರಿಕೆ ‘ಲೊಸ್ಸೆರ್ವಾತೋರೆ ರೊಮಾನೊ’ ಇದನ್ನು ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸಿಸರ ದಾರಿಯಲ್ಲಿ ನಡೆಯುವ ಕಪುಚಿನ್ ಸಭೆಯ ಗುರುಗಳೊಬ್ಬರು ರ‍್ಹ್ಯಾನ್ಸ್ ಪಟ್ಟಣದಲ್ಲಿ ಸಂತ ಫ್ರಾನ್ಸಿಸರ ಚಿತ್ರವಿದ್ದ ಕಾರ್ಡೊಂದರ ಹಿಂಬದಿಯಲ್ಲಿ ಈ ಪ್ರಾರ್ಥನೆಯನ್ನು ಅಚ್ಚು ಹಾಕಿಸಿದರು. ಫ್ರಾನ್ಸಿಸರೇ ಬರೆದದ್ದೆಂದು ಅವರು ಹೇಳಿರಲಿಲ್ಲ. ಆದರೆ ಜಪದ ಪುಸ್ತಕದಲ್ಲಿ ಇಟ್ಟುಕೊಳ್ಳುವ ಇಂಥ ಕಾರ್ಡಿನ ಒಂದು ಬದಿಯಲ್ಲಿ ಸಂತರ ಚಿತ್ರ, ಇನ್ನೊಂದು ಬದಿಯಲ್ಲಿ ಪ್ರಾರ್ಥನೆ ಇದ್ದರೆ ಜನ ಅವೆರಡನ್ನೂ ಜೋಡಿಸದೆ ಬಿಡುತ್ತಾರೆಯೇ? ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಇದರಲ್ಲಿ ಮೋಸವೇನೂ ನಡೆದಿಲ್ಲ.

ಇನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ. ಅಗತ್ಯವಾಗಿ ಮುಂದುವರಿಸಿ. ಪ್ರಾರ್ಥನೆಯೊಂದರ ಯೋಗ್ಯತೆಯನ್ನು ಬರೆದವರ ಹೆಸರಿನಿಂದ ಅಳೆಯುವುದಾದರೆ, ಕರ್ತೃ ಯಾರೆಂದು ಖಚಿತವಾಗಿ ತಿಳಿಯದ ಅನೇಕ ಕೀರ್ತನೆಗಳನ್ನೂ ನಾವು ಬಿಡಬೇಕಾಗುತ್ತದೆ. ನನಗಂತೂ ಇದರ ನಿಜವಾದ ಹುಟ್ಟು ತಿಳಿದ ಮೇಲೆ ಅರ್ಥ ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ. ವ್ಯಾಟಿಕನ್ ಪತ್ರಿಕೆಯಲ್ಲಿ ಇದು ಪ್ರಕಟವಾದ ಮರುತಿಂಗಳೇ ಫ್ರೆಂಚರಿಗೂ ಜರ್ಮನರಿಗೂ ನಡುವೆ ವೆರ್ದೂನ್ ಕದನ ಆರಂಭವಾಯಿತು. ಇಕ್ಕೆಲದ ಸೈನ್ಯಗಳಲ್ಲಿಯೂ ಕ್ರೈಸ್ತರಿದ್ದರು, ಇಕ್ಕೆಲದ ಚರ್ಚುಗಳಲ್ಲಿಯೂ ತಮ್ಮ ಪಡೆಗೆ ಜಯವಾಗಲೆಂಬ ಮೊರೆಗಳು ಕೇಳಿಬರುತ್ತಿದ್ದವು. ಅಂಥ ಹೊತ್ತಿನಲ್ಲಿ ಜನ ಕೈಯಿಂದ ಕೈಗೆ ದಾಟಿಸಿದ ಈ ಪ್ರಾರ್ಥನೆ ಗೆಲುವನ್ನು ಕೇಳುವುದಿಲ್ಲ, ಶತ್ರುವನ್ನು ತಿದ್ದಿರೆಂದು ಕೇಳುವುದಿಲ್ಲ. ಶಾಂತಿ ತಾನಾಗಿ ಮೇಲಿನಿಂದ ಇಳಿದು ಬರಲೆಂದೂ ಕೇಳುವುದಿಲ್ಲ. ಎಲ್ಲಿ ದ್ವೇಷವಿದೆಯೋ ಅಲ್ಲಿ ನಾನಿದ್ದೇನೆ, ನನ್ನನ್ನು ಬಳಸಿಕೊಳ್ಳಿ ಎನ್ನುತ್ತದೆ. ಮನೆಯ ಗುಂಪಿನ ವಾಟ್ಸ್ಯಾಪ್‌ನಲ್ಲಿ ಬರುವ ದ್ವೇಷದ ಸಂದೇಶವನ್ನು ಓದಿ ಸುಮ್ಮನೆ ಮುಂದಕ್ಕೆ ಕಳುಹಿಸುವ ವಿಶ್ವಾಸಿ, ಅದೇ ಭಾನುವಾರ ಈ ಪ್ರಾರ್ಥನೆಯನ್ನು ಹಾಡುತ್ತಾನೆಂದರೆ ತಾನು ಏನನ್ನು ಒಪ್ಪಿಕೊಂಡೆನೆಂದು ಒಮ್ಮೆ ಯೋಚಿಸಬೇಕು.

ಫ್ರಾನ್ಸಿಸರಿಗೂ ಇದಕ್ಕೂ ಯಾವ ನಂಟೂ ಇಲ್ಲವೆಂದು ಹೇಳಲಾರೆ. ತಮ್ಮ ಸಹೋದರರಿಗಾಗಿ ಅವರು ನೀಡಿದ ಬುದ್ಧಿವಾದಗಳಲ್ಲಿ 27ನೆಯದು, ಪ್ರೀತಿ ಮತ್ತು ವಿವೇಕ ಇರುವಲ್ಲಿ ಭಯವಾಗಲಿ ಅಜ್ಞಾನವಾಗಲಿ ಇರುವುದಿಲ್ಲ, ತಾಳ್ಮೆ ಮತ್ತು ದೀನತೆ ಇರುವಲ್ಲಿ ಕೋಪವಾಗಲಿ ಕಳವಳವಾಗಲಿ ಇರುವುದಿಲ್ಲ ಎಂಬ ಧಾಟಿಯಲ್ಲೇ ಸಾಗುತ್ತದೆ. ಐದನೆಯ ಕ್ರೂಸೇಡ್, ಅಂದರೆ ಮುಸ್ಲಿಮರ ವಿರುದ್ಧ ಕ್ರೈಸ್ತರು ಹೂಡಿದ ಧರ್ಮಯುದ್ಧ, ನಡೆಯುತ್ತಿದ್ದ 1219ರಲ್ಲಿ ಅವರು ಈಜಿಪ್ಟಿನ ದಮಿಯೆಟ್ಟದ ಬಳಿ ಯುದ್ಧದ ಗೆರೆಯನ್ನು ದಾಟಿ, ನಿರಾಯುಧರಾಗಿ ಸುಲ್ತಾನ ಅಲ್-ಕಾಮಿಲ್‌ನನ್ನು ಕಂಡುಬಂದವರು. ಪದಗಳು ಅವರವಲ್ಲದಿದ್ದರೂ ನಡೆ ಅವರದೇ. ಹಾಡಿನ ಹಾಳೆಯಲ್ಲಿ ‘ಸಂತ ಫ್ರಾನ್ಸಿಸರ ಹೆಸರಿನಲ್ಲಿ ಪ್ರಚಲಿತವಾದ ಪ್ರಾರ್ಥನೆ’ ಎಂದು ತಿದ್ದಿ ಬರೆಸಿದರೆ ನಿಮ್ಮ ಮಗನ ಆಕ್ಷೇಪಕ್ಕೂ ಉತ್ತರ ಸಿಕ್ಕಂತಾಗುತ್ತದೆ. ಅವನ ಹಾಸ್ಯವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪ್ರಾರ್ಥನೆಯ ಬಗ್ಗೆ ಇಷ್ಟಾದರೂ ಹುಡುಕಿ ಓದಿದನಲ್ಲ!

ಪ್ರಶ್ನೆ: ನಾವು ಪ್ರೊಟೆಸ್ಟೆಂಟ್ ಸಭೆಯವರು. ಸಂತರಿಗೆ ಪ್ರಾರ್ಥಿಸುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಮಹಿಳಾ ಕೂಟದಲ್ಲಿ ಈ ಪ್ರಾರ್ಥನೆಯನ್ನು ಓದಿದಾಗ ಕೆಲವರು ಇದು ಕಥೋಲಿಕರದ್ದೆಂದು ಆಕ್ಷೇಪಿಸಿದರು. ತಮ್ಮ ಅಭಿಪ್ರಾಯವೇನು?
— ಓದುಗರು, ಧಾರವಾಡ

ಉತ್ತರ: ಇದು ಫ್ರಾನ್ಸಿಸರಿಗೆ ಸಲ್ಲಿಸುವ ಪ್ರಾರ್ಥನೆಯಲ್ಲ. ಮೊದಲ ಮಾತೇ ‘ಪ್ರಭುವೇ’ ಎಂದು ದೇವರನ್ನು ಕರೆಯುತ್ತದೆ, ನಡುವೆ ಯಾವ ಸಂತರ ಹೆಸರೂ ಬರುವುದಿಲ್ಲ. ಆದ್ದರಿಂದ ಆಕ್ಷೇಪಕ್ಕೆ ಆಧಾರವಿಲ್ಲ.

ಇನ್ನೊಂದು ಸಂಗತಿಯನ್ನು ಆಕ್ಷೇಪಿಸಿದವರಿಗೆ ತಿಳಿಸಿ. ನಮಗೆ ಗೊತ್ತಿರುವ ಮಟ್ಟಿಗೆ ಇದನ್ನು ಫ್ರಾನ್ಸಿಸರದ್ದೆಂದು ಅಚ್ಚಿನಲ್ಲಿ ಮೊದಲು ಕರೆದವರು ಕಥೋಲಿಕರಲ್ಲ, 1927ರಲ್ಲಿ ಫ್ರೆಂಚ್ ಪ್ರೊಟೆಸ್ಟೆಂಟರ ಒಂದು ಶಾಂತಿ ಚಳವಳಿಯವರು. ಅದನ್ನು ಕಟ್ಟಿದ ಎತಿಯೆನ್ ಬಾಕ್ ಎಂಬಾತ ಸೈನ್ಯದ ಅಧಿಕಾರಿಯಾಗಿದ್ದವನು. ಯುದ್ಧದ ಪರಿಹಾರ ಹಣವನ್ನು ಜರ್ಮನಿ ಸರಿಯಾಗಿ ಕೊಡಲಿಲ್ಲವೆಂದು ಫ್ರಾನ್ಸ್ 1923ರ ಜನವರಿಯಲ್ಲಿ ರೂರ್ ಪ್ರದೇಶಕ್ಕೆ ಸೈನ್ಯ ನುಗ್ಗಿಸಿದಾಗ ಬಾಕ್ ಅಲ್ಲಿನ ದಾತೆಲ್ನ್ ಎಂಬ ಊರಿನಲ್ಲಿದ್ದ. ಊರಿನ ಮೇಯರ್‌ಗೂ ಆತನಿಗೂ ಎಣ್ಣೆ ಸೀಗೆಕಾಯಿ. ಆ ವರ್ಷದ ಶುಭ ಶುಕ್ರವಾರ ಬಾಕ್ ಅಲ್ಲಿನ ಚರ್ಚಿಗೆ ಆರಾಧನೆಗೆ ಹೋದ. ಕರ್ತನ ಭೋಜನದ ಮೇಜಿನ ಮುಂದೆ ನಿಂತಾಗ ಪಕ್ಕದಲ್ಲಿದ್ದವನು ಅದೇ ಮೇಯರ್. ಗೆದ್ದ ದೇಶದ ಅಧಿಕಾರಿಯೂ ಸೋತ ದೇಶದ ಊರ ಮುಖ್ಯಸ್ಥನೂ ಒಂದೇ ಪಾತ್ರೆಯಿಂದ ಪಾಲು ತೆಗೆದುಕೊಂಡರು. ಅಲ್ಲಿಂದ ಮುಂದೆ ಇಬ್ಬರೂ ಮಾತನಾಡತೊಡಗಿದರು, ಊರಿನವರ ಕಷ್ಟಗಳನ್ನು ತಗ್ಗಿಸಲು ಜೊತೆಗೂಡಿದರು. ಬಾಕ್ ಮುಂದೆ ಸೈನ್ಯವನ್ನು ಬಿಟ್ಟು ಫ್ರೆಂಚರನ್ನೂ ಜರ್ಮನರನ್ನೂ ಹತ್ತಿರ ತರುವ ಕೆಲಸಕ್ಕೆ ನಿಂತ. ಈ ಪ್ರಾರ್ಥನೆಯನ್ನು ತನ್ನದಾಗಿಸಿಕೊಂಡ ಚಳವಳಿ ಅವನದು. ಹೀಗಿರುವಾಗ ಇದು ನಿಮ್ಮದಲ್ಲವೆಂದು ಯಾರು ಹೇಳಬಲ್ಲರು?

ಪ್ರಶ್ನೆ: ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷಗಳಾದವು. ಮರಣಪತ್ರವೇನೂ ಇರಲಿಲ್ಲ. ಅವರ ಪಾಲಿಗೆ ಬಂದಿದ್ದ ಅಡಿಕೆ ತೋಟದ ಪಹಣಿಯನ್ನು ನನ್ನ ಮೈದುನ ನಮಗೆ ತಿಳಿಸದೆ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ. ಮಕ್ಕಳಿಬ್ಬರೂ ಇನ್ನೂ ಓದುತ್ತಿದ್ದಾರೆ. ನಾನು ಕೋರ್ಟಿಗೆ ಹೋಗುತ್ತೇನೆಂದಾಗ ನಮ್ಮ ಚರ್ಚಿನ ಹಿರಿಯರೊಬ್ಬರು, “ಕ್ಷಮೆ ತರುವೆನೆಂದು ಹಾಡುತ್ತೀಯಲ್ಲಮ್ಮ, ಹಾಡಿ ಬಂದು ಕೋರ್ಟಿನ ಮೆಟ್ಟಿಲು ಹತ್ತುವುದೇ?” ಎಂದರು. ಅಂದಿನಿಂದ ಆ ಹಾಡು ಬಂದಾಗ ನನಗೆ ಬಾಯಿ ಬರುವುದಿಲ್ಲ.
— ಸಹೋದರಿಯೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಸಹೋದರಿ, ನೀವು ಧಾರಾಳವಾಗಿ ಮೆಟ್ಟಿಲು ಹತ್ತಬಹುದು, ಹಾಡನ್ನೂ ಹಾಡಬಹುದು. ಎರಡರ ನಡುವೆ ವಿರೋಧವಿಲ್ಲ. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಪ್ರಾರ್ಥನೆ ತಪ್ಪಾಗಿ ಬಳಕೆಯಾಗುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ.

ಮೊದಲನೆಯದಾಗಿ, ಪ್ರಾರ್ಥನೆಯ ಮೊದಲ ಭಾಗದಲ್ಲಿ ಎಂಟು ಜೋಡಿಗಳಿವೆ. ನಮ್ಮ ಕಾನ್ವೆಂಟುಗಳಲ್ಲಿಯೂ ಚರ್ಚುಗಳಲ್ಲಿಯೂ ಕೇಳಿಬರುವ ಇಂಗ್ಲಿಷ್ ಹಾಡಿನಲ್ಲಿ ಅವುಗಳ ಪೈಕಿ ಎರಡು ಬಿಟ್ಟುಹೋಗಿವೆ: ಒಡಕಿರುವಲ್ಲಿ ಒಗ್ಗಟ್ಟು, ತಪ್ಪಿರುವಲ್ಲಿ ಸತ್ಯ. ರಾಗಕ್ಕಾಗಿ ಬಿಟ್ಟರೋ ಬೇರೆ ಕಾರಣಕ್ಕೋ, ಇರಲಿ. ಆದರೆ ಸತ್ಯವನ್ನು ತೆಗೆದು ಕ್ಷಮೆಯೊಂದನ್ನೇ ಉಳಿಸಿದರೆ, ನೋವುಂಡವರು ಬಾಯಿ ಮುಚ್ಚಿಕೊಂಡಿರಬೇಕೆಂಬ ಉಪದೇಶವಾಗಿ ಪ್ರಾರ್ಥನೆ ತಿರುಗಿಬಿಡುತ್ತದೆ. ಮೂಲದಲ್ಲಿ ಕ್ಷಮೆಯೂ ಸತ್ಯವೂ ಒಂದೇ ಉಸಿರಿನಲ್ಲಿ ಬರುತ್ತವೆ. ದಾಖಲೆಯಲ್ಲಿ ಸುಳ್ಳು ಸೇರಿದೆ ಎಂದು ಎತ್ತಿ ತೋರಿಸುವುದೂ ಶಾಂತಿಯ ಸಾಧನವಾಗುವ ಕೆಲಸವೇ.

ಎರಡನೆಯದು ನಿಮ್ಮ ಹಿರಿಯರು ಯೋಚಿಸದೆ ಬಿಟ್ಟ ವಿಷಯ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮರಣಪತ್ರವಿಲ್ಲದೆ ತೀರಿಕೊಂಡ ಗಂಡನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಹೆಂಡತಿಗೆ, ಉಳಿದ ಮೂರನೆಯ ಎರಡು ಭಾಗ ಮಕ್ಕಳಿಗೆ. ಮಕ್ಕಳಿರುವಾಗ ತಮ್ಮನಿಗೆ ಪಾಲಿಲ್ಲ. ಹಾಗಾದರೆ ಕ್ಷಮೆಯ ಹೆಸರಿನಲ್ಲಿ ನೀವು ಬಿಟ್ಟುಕೊಡಬೇಕೆಂದು ಅವರು ಕೇಳುತ್ತಿರುವುದರಲ್ಲಿ ಹೆಚ್ಚಿನ ಪಾಲು ನಿಮ್ಮದೇ ಅಲ್ಲ, ತಂದೆಯಿಲ್ಲದ ಇಬ್ಬರು ಮಕ್ಕಳದು. ನಮಗಾದ ನೋವನ್ನು ನಾವು ಕ್ಷಮಿಸಬಹುದು, ಇನ್ನೊಬ್ಬರ ಅನ್ನವನ್ನು ಎತ್ತಿ ಕೊಟ್ಟು ಅದನ್ನು ಕ್ಷಮೆಯೆಂದು ಕರೆಯುವಂತಿಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯದಲ್ಲಿ ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ದಾವೆ ಹೂಡುವುದನ್ನು ಖಂಡಿಸಿದ್ದಾರೆಂದು ನಿಮಗೆ ಯಾರಾದರೂ ಓದಿ ಹೇಳಬಹುದು. ಆದರೆ ಅದೇ ಅಧ್ಯಾಯದಲ್ಲಿ ಪೌಲರು, ಸಹೋದರರ ನಡುವಣ ವ್ಯಾಜ್ಯವನ್ನು ತೀರಿಸಬಲ್ಲ ವಿವೇಕಿ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಸಭೆಯನ್ನೇ ಛೇಡಿಸುತ್ತಾರೆ, ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸಹೋದರರಿಗೆ ಎಂದೂ ಗದರಿಸುತ್ತಾರೆ. ಆ ಗದರಿಕೆ ಸಲ್ಲಬೇಕಾದದ್ದು ನಿಮ್ಮ ಮೈದುನನಿಗೆ. ಒಡಕಿರುವಲ್ಲಿ ಒಗ್ಗಟ್ಟನ್ನು ತರುವ ಕೆಲಸ ಹಿರಿಯರದು. ನಿಮ್ಮ ಮನೆಗೆ ಬಂದು ಬುದ್ಧಿ ಹೇಳಿದಷ್ಟೇ ಸುಲಭವಾಗಿ ಅವರು ಮೈದುನನ ಮನೆಯ ಜಗುಲಿಯಲ್ಲಿ ಕುಳಿತು ಪಹಣಿಯ ವಿಷಯ ಕೇಳಿದ್ದಾರೆಯೇ? ಮತ್ತಾಯನ 18ನೆಯ ಅಧ್ಯಾಯದಲ್ಲಿ ಯೇಸು ಕ್ರಮವನ್ನೇ ಹೇಳಿಕೊಟ್ಟಿದ್ದಾರೆ: ಮೊದಲು ನೀನೊಬ್ಬನೇ ಹೋಗಿ ತಪ್ಪನ್ನು ತಿಳಿಸು, ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ನಿಮ್ಮ ಗುರುಗಳನ್ನೂ ಇಬ್ಬರು ನಂಬಿಕಸ್ಥರನ್ನೂ ಮುಂದಿಟ್ಟುಕೊಂಡು ಒಮ್ಮೆ ಪ್ರಯತ್ನಿಸಿ. ಆದರೆ ಮಾತುಕತೆಯ ನೆಪದಲ್ಲಿ ಕಾನೂನಿನ ಗಡುವನ್ನು ಕಳೆದುಕೊಳ್ಳಬೇಡಿ. ಪಹಣಿಯಲ್ಲಿ ಹೆಸರು ಬಂದಮಾತ್ರಕ್ಕೆ ಜಮೀನು ಅವನದಾಗುವುದಿಲ್ಲ, ಆ ನಮೂದನ್ನು ಉಪವಿಭಾಗಾಧಿಕಾರಿಗಳ ಮುಂದೆ ಪ್ರಶ್ನಿಸಲು ಅವಕಾಶವಿದೆ, ಹಕ್ಕಿನ ತೀರ್ಮಾನ ಸಿವಿಲ್ ನ್ಯಾಯಾಲಯದ್ದು. ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಪಹಣಿ, ಮ್ಯುಟೇಶನ್, ವಂಶವೃಕ್ಷದ ಪ್ರತಿಗಳನ್ನು ಹಿಡಿದು ಈ ವಾರವೇ ಹೋಗಿ.

ಲೂಕನ 18ನೆಯ ಅಧ್ಯಾಯವನ್ನೂ ಒಮ್ಮೆ ಓದಿಕೊಳ್ಳಿ. ಬೇಸರಪಡದೆ ಪ್ರಾರ್ಥಿಸುವುದು ಹೇಗೆಂದು ತೋರಿಸಲು ಯೇಸು ಆರಿಸಿಕೊಂಡದ್ದು ನಿಮ್ಮಂಥ ಒಬ್ಬ ವಿಧವೆಯನ್ನು. ದೇವರಿಗೂ ಹೆದರದ, ಜನರನ್ನೂ ಲಕ್ಷಿಸದ ನ್ಯಾಯಾಧೀಶನ ಬಳಿಗೆ ಆಕೆ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳುತ್ತಾಳೆ. ಮನೆಯಲ್ಲಿ ಕುಳಿತು ಕ್ಷಮಿಸಬೇಕಿತ್ತೆಂದು ಯೇಸು ಆಕೆಗೆ ಹೇಳಲಿಲ್ಲ.

ಫ್ರಾನ್ಸಿಸರ ಬಾಳಿನ ಕೊನೆಯ ದಿನಗಳ ಒಂದು ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ಊರಿನ ಆಡಳಿತಾಧಿಕಾರಿಗೂ ಕಡು ವೈರ ಬೆಳೆದಿತ್ತು. ಕಾಯಿಲೆಯಿಂದ ಮಲಗಿದ್ದ ಫ್ರಾನ್ಸಿಸರು ತಮ್ಮ ‘ಸೃಷ್ಟಿಗೀತೆ’ಗೆ, ನಿಮ್ಮ ಪ್ರೀತಿಗಾಗಿ ಕ್ಷಮಿಸುವವರಿಂದ ನಿಮಗೆ ಸ್ತುತಿ ಎಂಬರ್ಥದ ಒಂದು ಚರಣವನ್ನು ಹೊಸದಾಗಿ ಸೇರಿಸಿ, ಇಬ್ಬರನ್ನೂ ಒಂದೆಡೆ ಕರೆಸಿ, ಸಹೋದರರಿಂದ ಅದನ್ನು ಹಾಡಿಸಿದರೆಂದೂ, ಇಬ್ಬರೂ ಪರಸ್ಪರ ಕ್ಷಮೆ ಕೇಳಿದರೆಂದೂ ಅವರ ಸಂಗಡಿಗರ ನೆನಪುಗಳು ಹೇಳುತ್ತವೆ. ಕ್ಷಮೆಯ ಹಾಡನ್ನು ಫ್ರಾನ್ಸಿಸರು ಯಾರ ಮುಂದೆ ಹಾಡಿಸಿದರೆಂಬುದನ್ನು ಗಮನಿಸಿ. ಊರಿನ ಇಬ್ಬರು ಬಲಿಷ್ಠರ ಮುಂದೆ.

ಹಾಗಾದರೆ ಈ ಪ್ರಾರ್ಥನೆ ನಿಮ್ಮಿಂದ ಏನನ್ನೂ ಕೇಳುವುದಿಲ್ಲವೇ? ಕೇಳುತ್ತದೆ, ಅದು ಸುಲಭವೂ ಅಲ್ಲ. ಅರ್ಜಿಯಲ್ಲಿ ಒಂದು ಸುಳ್ಳನ್ನೂ ಸೇರಿಸಬೇಡಿ, ವಕೀಲರು ಸೇರಿಸೋಣವೆಂದರೂ ಒಪ್ಪಬೇಡಿ. ಮೈದುನನ ಮನೆ ಹಾಳಾಗಲೆಂದು ಬಯಸಬೇಡಿ. ಮಕ್ಕಳು ಹಬ್ಬದಲ್ಲಿ ಚಿಕ್ಕಪ್ಪನನ್ನು ಕಂಡು ಮಾತನಾಡಿಸಿದರೆ ತಡೆಯಬೇಡಿ. ತೀರ್ಪು ಬಂದ ದಿನ ಅವನ ಮನೆಯ ಮುಂದೆ ಪಟಾಕಿ ಹೊಡೆಯುವ ಹುಮ್ಮಸ್ಸು ನಿಮ್ಮ ಕಡೆಯವರಿಗೆ ಬಂದರೆ ಅವರನ್ನು ನೀವೇ ನಿಲ್ಲಿಸಿ. ಕ್ಷಮೆ ಒಂದೇ ದಿನದಲ್ಲಿ ಮುಗಿಯುವ ಕೆಲಸವೂ ಅಲ್ಲ. ಆ ಸಾಲು ಬಂದಾಗ ಬಾಯಿ ಬರದಿದ್ದರೆ ಸುಮ್ಮನಿರಿ, ಉಳಿದವರು ಹಾಡಲಿ. ‘ತಪ್ಪಿರುವಲ್ಲಿ ಸತ್ಯವನ್ನು’ ಎಂಬ ಸಾಲನ್ನು ಮಾತ್ರ ನೀವು ಗಟ್ಟಿಯಾಗಿ ಹೇಳಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಕಾನ್ವೆಂಟ್ ಶಾಲೆಯಲ್ಲಿ ಓದಿದಾಗ ಕಲಿತ ಈ ಪ್ರಾರ್ಥನೆಯನ್ನು ಇಂದಿಗೂ ಹೇಳಿಕೊಳ್ಳುತ್ತೇನೆ. ಇದು ತಪ್ಪೇ? ರಾಜಕಾರಣಿಗಳೂ ಇದನ್ನು ಬಳಸುತ್ತಾರಂತೆ, ಹೌದೇ?
— ಓದುಗರು, ಬೆಂಗಳೂರು

ಉತ್ತರ: ತಪ್ಪಲ್ಲ. 1979ರ ಡಿಸೆಂಬರ್‌ನಲ್ಲಿ ಮದರ್ ತೆರೇಸಾ ಅವರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗ ಓಸ್ಲೋದಲ್ಲಿ ತಮ್ಮ ಭಾಷಣವನ್ನು ಆರಂಭಿಸಿದ್ದು ಸಭೆಯಲ್ಲಿದ್ದವರೆಲ್ಲ ಸೇರಿ ಈ ಪ್ರಾರ್ಥನೆಯನ್ನು ಹೇಳೋಣವೆಂದು ಕೇಳಿಕೊಂಡು. ಕುಡಿತ ಬಿಡಲು ಹೆಣಗುವವರ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘವು 1953ರಲ್ಲಿ ಹನ್ನೆರಡು ಹೆಜ್ಜೆಗಳನ್ನು ವಿವರಿಸುವ ಪುಸ್ತಕವನ್ನು ತಂದಾಗ ಹನ್ನೊಂದನೆಯ ಹೆಜ್ಜೆಗೆ, ಅಂದರೆ ಪ್ರಾರ್ಥನೆ ಮತ್ತು ಧ್ಯಾನದ ಅಭ್ಯಾಸಕ್ಕೆ, ಇದನ್ನೇ ಮಾದರಿಯಾಗಿ ಕೊಟ್ಟಿತು. ಆ ಸಂಘದಲ್ಲಿ ಎಲ್ಲ ಮತದವರೂ ಇದ್ದಾರೆ, ಯಾವ ಮತಕ್ಕೂ ಸೇರದವರೂ ಇದ್ದಾರೆ. ಆದರೆ ಕೊನೆಯ ಸಾಲು ಕ್ರಿಸ್ತರ ಮರಣ ಮತ್ತು ಪುನರುತ್ಥಾನದ ನಂಬಿಕೆಯಿಂದ ಹುಟ್ಟಿದ್ದೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಅದನ್ನು ತಿಳಿದೇ ನೀವು ನಿಮ್ಮ ರೀತಿಯಲ್ಲಿ ಹೇಳಿಕೊಳ್ಳಿ.

ರಾಜಕಾರಣಿಗಳ ಬಗ್ಗೆ: ಮಾರ್ಗರೆಟ್ ಥ್ಯಾಚರ್ 1979ರ ಮೇ 4ರಂದು ಬ್ರಿಟನ್ನಿನ ಪ್ರಧಾನಿಯಾಗಿ ಡೌನಿಂಗ್ ಸ್ಟ್ರೀಟ್‌ನ ಮನೆಯ ಬಾಗಿಲಲ್ಲಿ ನಿಂತು ಇದರ ನಾಲ್ಕು ಸಾಲುಗಳನ್ನು ಹೇಳಿದರು, ‘ನಾನು’ ಎಂಬುದರ ಬದಲು ‘ನಾವು’ ಎಂದು. ಮುಂದೆ 1984–85ರ ಗಣಿ ಕಾರ್ಮಿಕರ ಮುಷ್ಕರದ ಕಾಲದಲ್ಲಿ ಅವರ ಟೀಕಾಕಾರರು ಒಗ್ಗಟ್ಟಿನ ಸಾಲನ್ನು ಅವರಿಗೇ ನೆನಪಿಸಿದರೆ ಆಶ್ಚರ್ಯವೇನು? ಅಧಿಕಾರದಲ್ಲಿರುವವರು ಈ ಪ್ರಾರ್ಥನೆಯನ್ನು ಮೈಕಿನ ಮುಂದೆ ಹೇಳುವುದಕ್ಕಿಂತ ಕೋಣೆಯೊಳಗೆ, ಅದೂ ಏಕವಚನದಲ್ಲಿ ಹೇಳಿಕೊಳ್ಳುವುದು ಲೇಸೆಂದು ನನ್ನ ಎಣಿಕೆ.

ಪ್ರಶ್ನೆ: ಬಲಿಪೂಜೆಯಲ್ಲಿ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯ ಬದಲಿಗೆ ಇದನ್ನು ಹಾಡಬಹುದೇ ಎಂದು ನಮ್ಮ ಗಾಯನ ವೃಂದದ ಯುವಕರು ಕೇಳುತ್ತಿದ್ದಾರೆ.
— ಓದುಗರು, ಹಾಸನ

ಉತ್ತರ: ಹಾಡುವಂತಿಲ್ಲ. ಅದು ಪ್ರಭು ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ, ಬಲಿಪೂಜೆಯ ಕ್ರಮದಲ್ಲಿ ಅದರ ಸ್ಥಾನಕ್ಕೆ ಬೇರೆ ಯಾವುದನ್ನೂ ತರಲಾಗದು. ಪರಮಪ್ರಸಾದ ವಿತರಣೆ ಮುಗಿದ ಮೇಲೆ ಎಲ್ಲರೂ ಸೇರಿ ಒಂದು ಸ್ತುತಿಗೀತೆಯನ್ನು ಹಾಡಲು ನಿಯಮದಲ್ಲಿ ಅವಕಾಶವಿದೆ, ಈ ಪ್ರಾರ್ಥನೆಯನ್ನು ಅಲ್ಲಿ ಇಟ್ಟುಕೊಳ್ಳಲಿ. ಹಾಡುವಾಗ ಬಿಟ್ಟುಹೋಗಿರುವ ಎರಡು ಸಾಲುಗಳನ್ನೂ ರಾಗಕ್ಕೆ ಹೊಂದಿಸಿಕೊಳ್ಳುವಂತೆ ವೃಂದದ ಯುವಕರಿಗೆ ಹೇಳಿ, ಅವರಿಗೆ ಅದೇನೂ ಕಷ್ಟದ ಕೆಲಸವಲ್ಲ.